ಚೆನ್ನಾಗಿದ್ದ ಫೋನು ಸೋತ ಕತೆ

(ಇಂಜಿನಿಯರಿಂಗ್ ವಿದ್ಯಾರ್ಥಿಗಳ ಮುಂದೆ ಮಾತಾಡಿದ್ದು. ಬರೆಯುವಾಗ ಎಳೆದಾಡಿದ ಕಡೆ ಮೊಟಕು ಮಾಡಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಂಡ್ರಾಯ್ಡ್ ಫೋನ್ ಇರುವವರು ಒಮ್ಮೆ ಕೈ ಎತ್ತಿ. ಸರಿ, ಇಳಿಸಿ, ಎಣಿಸುವ ಹಾಗೇ ಇಲ್ಲ. ಐಫೋನ್? ಆ ಕಿಟಕಿ ಸಾಲಿನವರು, ಮುಂದೆ ಕೂತ ಇಬ್ಬರು ಮೇಷ್ಟ್ರು. ಇವೆರಡೂ ಅಲ್ಲದ್ದು ಏನಾದರೂ ಇದೆಯಾ? ಯಾರೂ ಇಲ್ಲ. ಇದೇ ಪ್ರಶ್ನೆಯನ್ನ 2011ರಲ್ಲಿ ಕೇಳಿದ್ದರೆ ಸಿಂಬಿಯನ್, ಬ್ಲ್ಯಾಕ್‌ಬೆರಿ, ವಿಂಡೋಸ್ ಫೋನ್, ಸ್ಯಾಮ್ಸಂಗ್‌ನ ಬಾಡಾ, ಎಚ್‌ಪಿಯ ವೆಬ್‌ಓಎಸ್ ಅಂತ ಪಟ್ಟಿ ಉದ್ದ ಆಗುತ್ತಿತ್ತು. ಅಷ್ಟೆಲ್ಲಾ ಇದ್ದದ್ದು ಎರಡಕ್ಕೆ ಇಳಿದಿದ್ದು ಹೇಗೆ ಅನ್ನೋದೇ ಇವತ್ತಿನ ಮಾತು. ಚೆನ್ನಾಗಿರೋದು ಗೆದ್ದಿತು, ಕೆಟ್ಟದ್ದು ಸೋತಿತು ಅಂತ ನೀವು ಅಂದುಕೊಂಡಿದ್ದರೆ ಅದನ್ನು ಸ್ವಲ್ಪ ಕದಡೋಣ ಅಂತ ಬಂದಿದ್ದೇನೆ.

2007ರ ಜನವರಿ 9ರಂದು ಸ್ಟೀವ್ ಜಾಬ್ಸ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಐಫೋನ್ ತೋರಿಸಿದರು. ಮೈಕ್ರೋಸಾಫ್ಟ್‌ನ ಮುಖ್ಯಸ್ಥ ಸ್ಟೀವ್ ಬಾಲ್ಮರ್ ಕ್ಯಾಮೆರಾ ಮುಂದೆಯೇ ನಕ್ಕುಬಿಟ್ಟರು. 500 ಡಾಲರ್ ಫೋನಂತೆ, ಅದಕ್ಕೆ ಕೀಬೋರ್ಡೂ ಇಲ್ಲವಂತೆ, ಆಫೀಸಿನವರು ಯಾರು ತಗೋತಾರೆ ಅನ್ನೋ ಧಾಟಿ. ಅವತ್ತಿಗೆ ಅದು ಹುಚ್ಚು ಮಾತೇನೂ ಆಗಿರಲಿಲ್ಲ. ನೋಕಿಯಾ ಆಗ ಜಗತ್ತಿಗೇ ದೊಡ್ಡಣ್ಣ. ನಮ್ಮ ಊರುಗಳಲ್ಲಿ ಮೊಬೈಲ್ ಅಂದರೆ 1100, ಕರೆಂಟು ಹೋದಾಗ ತಲೆಯಲ್ಲಿ ಟಾರ್ಚ್ ಉರಿಯುವ ಫೋನು. ಆ ಒಂದು ಮಾಡೆಲ್ಲೇ ಜಗತ್ತಿನಲ್ಲಿ 25 ಕೋಟಿ ಮಾರಾಟವಾಗಿದೆ.

ಆಂಡ್ರಾಯ್ಡ್ ಆಗ ಎಲ್ಲಿತ್ತು? 2003ರಲ್ಲಿ ಆಂಡಿ ರೂಬಿನ್ ಮತ್ತು ಗೆಳೆಯರು ಶುರು ಮಾಡಿದ ಪುಟ್ಟ ಕಂಪನಿ ಅದು. ಮೊದಲ ಯೋಚನೆ ಫೋನಿಗೂ ಅಲ್ಲ, ಡಿಜಿಟಲ್ ಕ್ಯಾಮೆರಾಗಳಿಗೆ ಓಎಸ್, ಅಂದರೆ ಇಡೀ ಯಂತ್ರವನ್ನು ನಡೆಸುವ ಮೂಲ ತಂತ್ರಾಂಶ, ಮಾಡೋದು. 2005ರಲ್ಲಿ ಗೂಗಲ್ ಕೊಂಡಿತು. ಐಫೋನ್ ಬರುವ ಮುಂಚೆ ಅವರು ಮಾಡುತ್ತಿದ್ದ ಮಾದರಿ ಫೋನಿಗೆ ಬ್ಲ್ಯಾಕ್‌ಬೆರಿ ಥರ ಗುಂಡಿಗಳಿದ್ದವು. ಐಫೋನ್ ನೋಡಿದ ಮೇಲೆ ಅದನ್ನು ಪಕ್ಕಕ್ಕಿಟ್ಟು ಟಚ್ ಸ್ಕ್ರೀನಿಗೆ ತಿರುಗಿದರು. ಗೂಗಲ್‌ಗೆ ಫೋನ್ ಓಎಸ್ ಯಾಕೆ ಬೇಕಿತ್ತು ಅನ್ನೋದು ಮುಖ್ಯ. ಅವರಿಗೆ ಆಗ ಹೆದರಿಕೆ ಇದ್ದದ್ದು ಆಪಲ್ ಬಗ್ಗೆ ಅಲ್ಲ, ಮೈಕ್ರೋಸಾಫ್ಟ್ ಬಗ್ಗೆ. ಕಂಪ್ಯೂಟರ್ ಹಾಗೇ ಫೋನೂ ವಿಂಡೋಸ್ ಆಗಿಬಿಟ್ಟರೆ, ಅದರಲ್ಲಿ ಹುಡುಕಾಟ ಗೂಗಲ್‌ದೇ ಇರಲಿ ಅಂತ ಮೈಕ್ರೋಸಾಫ್ಟ್ ಯಾಕೆ ಬಿಡುತ್ತೆ? ಗೂಗಲ್‌ಗೆ ಅನ್ನ ಹಾಕೋದು ಹುಡುಕಾಟದ ಪಕ್ಕ ಬರುವ ಜಾಹೀರಾತು. ಹಾಗಾಗಿ ಓಎಸ್‌ನ ಯಾರು ಕೇಳಿದರೂ ಪುಕ್ಕಟೆ ಕೊಟ್ಟರು. ಇದನ್ನ ನೆನಪಿಟ್ಟುಕೊಳ್ಳಿ, ಪುಕ್ಕಟೆ ಅನ್ನೋದರ ವಿಷಯಕ್ಕೆ ಆಮೇಲೆ ಬರ್ತೀನಿ.

ಈಗ ನೋಕಿಯಾಗೆ ಬರೋಣ, ಯಾಕಂದರೆ ಇಡೀ ಕತೆಯ ತಿರುಳು ಅಲ್ಲೇ ಇದೆ. 2010ರ ಸೆಪ್ಟೆಂಬರಿನಲ್ಲಿ ಸ್ಟೀಫನ್ ಇಲಾಪ್ ಅನ್ನುವವರು ನೋಕಿಯಾ ಮುಖ್ಯಸ್ಥರಾದರು. ಬಂದಿದ್ದು ಮೈಕ್ರೋಸಾಫ್ಟ್‌ನಿಂದ, ಅಲ್ಲಿ ಆಫೀಸ್ ತಂತ್ರಾಂಶದ ವಿಭಾಗ ನೋಡಿಕೊಳ್ಳುತ್ತಿದ್ದರು. 2011ರ ಫೆಬ್ರವರಿಯಲ್ಲಿ ನೌಕರರಿಗೆ ಒಂದು ಪತ್ರ ಬರೆದರು. ಸಮುದ್ರದ ನಡುವೆ ತೈಲ ತೆಗೆಯುವ ಕಟ್ಟೆಗೆ ಬೆಂಕಿ ಬಿದ್ದಿದೆ, ಮೇಲೆ ನಿಂತವನು ಸುಟ್ಟು ಸಾಯಬೇಕು, ಇಲ್ಲಾ ಕೊರೆಯುವ ನೀರಿಗೆ ಹಾರಬೇಕು, ನಾವೂ ಹಾಗೇ ನಿಂತಿದ್ದೇವೆ ಅನ್ನೋದು ಅದರ ಸಾರಾಂಶ. ಪತ್ರ ಹೊರಗೆ ಸೋರಿತು. ಕೆಲವೇ ದಿನದಲ್ಲಿ, ಫೆಬ್ರವರಿ 11ಕ್ಕೆ, ಇನ್ನು ಮುಂದೆ ನಮ್ಮ ಸ್ಮಾರ್ಟ್‌ಫೋನ್‌ಗಳಲ್ಲಿ ವಿಂಡೋಸ್ ಫೋನ್ ಓಎಸ್ ಇರುತ್ತೆ ಅಂತ ಲಂಡನ್ನಿನಲ್ಲಿ ಘೋಷಣೆ ಆಯಿತು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಫೆಬ್ರವರಿಯಲ್ಲಿ, ಅಲ್ಲಿವರೆಗೆ ನೋಕಿಯಾ ಸ್ಮಾರ್ಟ್‌ಫೋನುಗಳಲ್ಲಿದ್ದ ಸಿಂಬಿಯನ್ ಓಎಸ್‌ನ ಕತೆ ಮುಗೀತು ಅಂತ ಮನೆಯ ಯಜಮಾನನೇ ಸಾರಿಬಿಟ್ಟ. ವಿಂಡೋಸ್ ಇರುವ ಮೊದಲ ನೋಕಿಯಾ, ಅಂದರೆ ಲೂಮಿಯಾ 800, ತೋರಿಸಿದ್ದು ಅಕ್ಟೋಬರ್ ಕೊನೆಗೆ. ನಡುವಿನ ಎಂಟು ತಿಂಗಳು ಅಂಗಡಿಯವನು ಏನು ಮಾರಬೇಕು? ಸಾಯೋದು ಗ್ಯಾರಂಟಿ ಅಂತ ಗೊತ್ತಿರುವ ಫೋನನ್ನು ಯಾರು ದುಡ್ಡು ಕೊಟ್ಟು ತಗೋತಾರೆ? ಇನ್ನೂ ಹೊಟ್ಟೆ ಉರಿಸುವ ವಿಷಯ ಅಂದರೆ ನೋಕಿಯಾ ಕೈಯಲ್ಲಿ ಅದರದ್ದೇ ಇನ್ನೊಂದು ಹೊಸ ಓಎಸ್ ಇತ್ತು, ಮೀಗೋ. ಅದನ್ನ ಹಾಕಿ ಎನ್9 ಅಂತ ಒಂದು ಫೋನು ಅದೇ ವರ್ಷ ಬಿಟ್ಟರು, ಮುಂಭಾಗದಲ್ಲಿ ಒಂದು ಗುಂಡಿಯೂ ಇಲ್ಲದೆ ಬರೀ ಬೆರಳು ಸವರಿ ಓಡಾಡಿಸುವ ಫೋನು, ನೋಡಿದವರೆಲ್ಲ ಹೊಗಳಿದರು, ಆದರೆ ಅಷ್ಟೊತ್ತಿಗೆ ಇದರ ಮುಂದಿನ ದಾರಿ ಮುಚ್ಚಿದೆ ಅಂತ ಎಲ್ಲರಿಗೂ ಗೊತ್ತಾಗಿತ್ತು. ಲೂಮಿಯಾ 800 ನೋಡಿದರೆ ಅದೇ ಎನ್9 ಮೈಯೇ, ಒಳಗೆ ಜೀವ ಮಾತ್ರ ಬೇರೆ.

ಅಂದಹಾಗೆ ವಿಂಡೋಸ್ ಫೋನ್ ಕೆಟ್ಟದಾಗಿತ್ತಾ? ಖಂಡಿತ ಇಲ್ಲ. ನಾನು ಲೂಮಿಯಾ 520 ಬಳಸಿದವನು. 512 ಎಂಬಿ ರ‍್ಯಾಮ್. ಅಷ್ಟೇ ರ‍್ಯಾಮ್ ಇದ್ದ ಆ ಕಾಲದ ಅಗ್ಗದ ಆಂಡ್ರಾಯ್ಡ್ ಫೋನುಗಳು ಒಂದು ಕರೆ ಬಂದರೆ ಉಸಿರು ಬಿಡುತ್ತಿದ್ದವು, ಹಸಿರು ಗುಂಡಿ ಒತ್ತುವ ಹೊತ್ತಿಗೆ ಆ ಕಡೆಯವರು ಇಟ್ಟುಬಿಟ್ಟಿರುತ್ತಿದ್ದರು. 520 ಮಾತ್ರ ಬೆಣ್ಣೆಯ ಹಾಗೆ ಜಾರುತ್ತಿತ್ತು. ಪರದೆ ತುಂಬ ಬಣ್ಣದ ಚೌಕಗಳು. ಹವಾಮಾನದ ಚೌಕದಲ್ಲಿ ಹವಾಮಾನ, ಮೇಲ್ ಚೌಕದಲ್ಲಿ ಬಂದ ಮೇಲ್‌ನ ತಲೆಬರಹ, ಆಪ್ ತೆಗೆಯದೆಯೇ ಅರ್ಧ ವಿಷಯ ಗೊತ್ತಾಗೋದು. ಕೊರತೆ ಒಂದೇ. ನನ್ನ ಬ್ಯಾಂಕಿನವರು ಅದಕ್ಕೆ ಆಪ್ ಮಾಡಲೇ ಇಲ್ಲ. ಕೇಳಿದರೆ, ಸಾರ್ ಆಂಡ್ರಾಯ್ಡ್ ತಗೊಂಡುಬಿಡಿ ಅಂದರು.

ಇದು ನಮ್ಮ ಕಡೆ ಹೊಸ ಜಾಗದಲ್ಲಿ ಸಂತೆ ಶುರು ಮಾಡಿದ ಹಾಗೆ. ಜನ ಇಲ್ಲ ಅಂತ ವ್ಯಾಪಾರಿ ಬರಲ್ಲ, ವ್ಯಾಪಾರಿ ಇಲ್ಲ ಅಂತ ಜನ ಬರಲ್ಲ. ಮೈಕ್ರೋಸಾಫ್ಟ್‌ಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಕಂಪ್ಯೂಟರ್ ಲೋಕದಲ್ಲಿ ಇದೇ ಆಟ ಆಡಿ ಗೆದ್ದವರೇ ಅವರು. ಅದಕ್ಕೆ ದುಡ್ಡು ಚೆಲ್ಲಿದರು. 2013ರಲ್ಲಿ ಅಮೆರಿಕದಲ್ಲಿ ಒಂದು ಸ್ಕೀಮ್ ಬಿಟ್ಟರು, ಆಪ್ ಮಾಡಿ ಹಾಕಿದರೆ ಒಂದಕ್ಕೆ 100 ಡಾಲರ್. ದುಡ್ಡು ಕೊಟ್ಟು ಸಂಖ್ಯೆ ಹೆಚ್ಚಿಸಲು ಹೋದರೆ ಬರೋದು ಸಂಖ್ಯೆಯೇ. ವಿಂಡೋಸ್ ಅಂಗಡಿಯಲ್ಲಿ ಕಸ ತುಂಬಿಕೊಂಡಿತು. ಹೆಸರಾಂತ ಆಪ್‌ಗಳ ಲೋಗೋ ಅಂಟಿಸಿಕೊಂಡ ನಕಲಿಗಳು, ಪುಕ್ಕಟೆ ಸಿಗುವ ಪ್ಲೇಯರ್‌ನ ಹೆಸರು ಹಾಕಿ ದುಡ್ಡು ಕೀಳುವ ಆಪ್‌ಗಳು. 2014ರಲ್ಲಿ ಅವರೇ ಸುಮಾರು 1,500 ಆಪ್‌ಗಳನ್ನು ಗುಡಿಸಿ ಹಾಕಬೇಕಾಯಿತು.

ಯೂಟ್ಯೂಬ್ ಕತೆ ಕೇಳಿ, ಇದು ನನಗೆ ಎಲ್ಲಕ್ಕಿಂತ ಇಷ್ಟ. ವಿಂಡೋಸ್ ಫೋನಿಗೆ ಗೂಗಲ್ ಯೂಟ್ಯೂಬ್ ಆಪ್ ಮಾಡಿಕೊಡಲಿಲ್ಲ. ನೀವು ಮಾಡದಿದ್ದರೆ ನಾವೇ ಮಾಡ್ತೀವಿ ಅಂತ ಮೈಕ್ರೋಸಾಫ್ಟ್ 2013ರ ಮೇನಲ್ಲಿ ಒಂದು ಒಳ್ಳೆ ಆಪ್ ಬಿಟ್ಟಿತು. ಒಳ್ಳೆಯದು ಅಂದರೆ ತುಂಬಾ ಒಳ್ಳೆಯದು. ಜಾಹೀರಾತೇ ಬರಲ್ಲ, ವಿಡಿಯೋ ಇಳಿಸಿಕೊಳ್ಳಲೂ ಬಹುದು! ಗೂಗಲ್‌ಗೆ ಮೈ ಉರಿಯದೆ ಇರುತ್ತಾ? ಮೇ 22ರೊಳಗೆ ತೆಗೆಯಿರಿ ಅಂತ ನೋಟಿಸ್ ಬಂತು. ಇಲ್ಲಿ ಗೂಗಲ್ ಮಾತಿನಲ್ಲಿ ನ್ಯಾಯ ಇತ್ತು ಅಂತಲೇ ನನ್ನ ಅಭಿಪ್ರಾಯ, ಜಾಹೀರಾತು ಕಿತ್ತುಹಾಕಿದರೆ ವಿಡಿಯೋ ಮಾಡಿದವನಿಗೆ ಏನು ಸಿಗುತ್ತೆ? ಸರಿ, ಎರಡೂ ಕಡೆಯವರು ಕೂತು ಮಾತಾಡಿದರು. ಆಗಸ್ಟ್‌ನಲ್ಲಿ ಮೈಕ್ರೋಸಾಫ್ಟ್ ತಿದ್ದಿದ ಆಪ್ ತಂದಿತು, ಜಾಹೀರಾತು ತೋರಿಸುವ ಆಪ್. ಎರಡೇ ದಿನಕ್ಕೆ ಗೂಗಲ್ ಅದನ್ನೂ ತಡೆಯಿತು. ಈ ಸಲದ ತಕರಾರು ಬೇರೆ. ಆಪ್‌ನ ಎಚ್‌ಟಿಎಂಎಲ್5ನಲ್ಲೇ, ಅಂದರೆ ವೆಬ್ ಪುಟ ಮಾಡುವ ಭಾಷೆಯಲ್ಲೇ, ಬರೆಯಬೇಕು ಅಂದರು. ಅವರ ಸ್ವಂತ ಆಂಡ್ರಾಯ್ಡ್ ಆಪ್ ಹಾಗಿರಲಿಲ್ಲ, ಐಫೋನ್‌ದೂ ಹಾಗಿರಲಿಲ್ಲ. ಮೈಕ್ರೋಸಾಫ್ಟ್‌ನ ವಕೀಲರು ಇದನ್ನೇ ಎತ್ತಿ ಬಹಿರಂಗವಾಗಿ ಬರೆದರು, ಗೂಗಲ್ ಜಗ್ಗಲಿಲ್ಲ. ಕೊನೆಗೆ ವಿಂಡೋಸ್ ಫೋನಿನ ಯೂಟ್ಯೂಬ್ ಆಪ್ ಅಂದರೆ ಒತ್ತಿದರೆ ಬ್ರೌಸರ್ ಪುಟ ತೆಗೆಯುವ ಒಂದು ಚೌಕ ಅಷ್ಟೇ ಆಯಿತು. ತೊಂಬತ್ತರ ದಶಕದಲ್ಲಿ ಬೇರೆಯವರ ಬ್ರೌಸರ್‌ಗೆ ಬಾಗಿಲು ಹಾಕಿದ್ದಕ್ಕೆ ಅಮೆರಿಕ ಸರ್ಕಾರದ ಕೈಲಿ ಕೋರ್ಟಿಗೆ ಎಳೆಸಿಕೊಂಡ ಕಂಪನಿ ಮೈಕ್ರೋಸಾಫ್ಟ್. ಈಗ ಬಾಗಿಲ ಹೊರಗೆ ನಿಲ್ಲುವ ಸರದಿ ಅದಕ್ಕೇ ಬಂತು.

ಹಾಗಂತ ಪೂರ್ತಿ ತಪ್ಪು ಹೊರಗಿನವರದ್ದೇ ಅಲ್ಲ. ವಿಂಡೋಸ್ ಫೋನ್ 7 ಇದ್ದವರಿಗೆ 8 ಕೊಡಲ್ಲ ಅಂತ 2012ರ ಜೂನ್‌ನಲ್ಲಿ ಹೇಳಿದರು. ಒಳಗಿನ ಅಡಿಪಾಯವನ್ನೇ ಬದಲಿಸಿದ್ದರು. ಅಮೆರಿಕದಲ್ಲಿ ಭಾರಿ ಪ್ರಚಾರ ಮಾಡಿ ಲೂಮಿಯಾ 900 ಮಾರಾಟಕ್ಕೆ ಇಟ್ಟಿದ್ದು ಅದೇ ವರ್ಷದ ಏಪ್ರಿಲ್‌ನಲ್ಲಿ. ಎರಡು ತಿಂಗಳಲ್ಲಿ ಆ ಫೋನಿಗೆ ಭವಿಷ್ಯ ಇಲ್ಲ! ಇನ್ನು ಆಂಡ್ರಾಯ್ಡ್ ಪುಕ್ಕಟೆ ಸಿಗುವಾಗ ಇವರು ಫೋನ್ ತಯಾರಕರಿಂದ ಲೈಸೆನ್ಸ್ ದುಡ್ಡು ಕೇಳುತ್ತಾ ಕೂತಿದ್ದರು, ಬಿಟ್ಟಿದ್ದು 2014ರ ಏಪ್ರಿಲ್‌ನಲ್ಲಿ. ತಮಾಷೆ ಏನು ಗೊತ್ತಾ, ಸ್ಯಾಮ್ಸಂಗ್ ಮಾರುತ್ತಿದ್ದ ಆಂಡ್ರಾಯ್ಡ್ ಫೋನುಗಳಿಂದ ಮೈಕ್ರೋಸಾಫ್ಟ್‌ಗೆ ಪೇಟೆಂಟ್ ಲೆಕ್ಕದಲ್ಲಿ ವರ್ಷಕ್ಕೆ 100 ಕೋಟಿ ಡಾಲರ್‌ಗೂ ಜಾಸ್ತಿ ಬರುತ್ತಿತ್ತು. ಕೋರ್ಟ್ ಕಾಗದಗಳಲ್ಲಿ ಹೊರಬಿದ್ದ ಲೆಕ್ಕ ಇದು.

ಮುಂದಿನದ್ದು ಬೇಗ ಹೇಳ್ತೀನಿ. 2013ರ ಸೆಪ್ಟೆಂಬರಿನಲ್ಲಿ ನೋಕಿಯಾದ ಫೋನ್ ವ್ಯವಹಾರವನ್ನು 544 ಕೋಟಿ ಯೂರೋಗೆ ಕೊಳ್ಳುವುದಾಗಿ ಮೈಕ್ರೋಸಾಫ್ಟ್ ಹೇಳಿತು. ಖರೀದಿ ಮುಗಿಯುವ ಮುಂಚೆಯೇ ಸತ್ಯ ನಾದೆಲ್ಲಾ ಮುಖ್ಯಸ್ಥರಾಗಿ ಬಂದರು, ನಮ್ಮ ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದವರು. ಅವರಿಗೆ ಈ ಖರೀದಿ ಮೊದಲಿಂದಲೂ ಇಷ್ಟ ಇರಲಿಲ್ಲ. 2015ರಲ್ಲಿ 760 ಕೋಟಿ ಡಾಲರ್ ನಷ್ಟ ಅಂತ ಬರೆದು ಪುಸ್ತಕ ಮುಚ್ಚಿದರು. ಸಾವಿರಾರು ಜನರ ಕೆಲಸ ಹೋಯಿತು. ಚೆನ್ನೈ ಹತ್ತಿರ ಶ್ರೀಪೆರಂಬದೂರಿನ ನೋಕಿಯಾ ಕಾರ್ಖಾನೆ ತೆರಿಗೆ ವಿವಾದದಲ್ಲಿ ಸಿಕ್ಕಿಕೊಂಡು ಈ ಖರೀದಿಯಿಂದಲೇ ಹೊರಗುಳಿಯಿತು. 2014ರ ನವೆಂಬರ್ 1ರಂದು ಬಾಗಿಲು ಹಾಕಿತು. ಆಮೇಲೆ ಆ ಜಾಗವನ್ನು ಕೊಂಡಿದ್ದು ಸಾಲ್ಕಾಂಪ್ ಅನ್ನುವ ಕಂಪನಿ. ಅವರು ಆಪಲ್‌ಗೆ ಚಾರ್ಜರ್ ಮಾಡಿಕೊಡುವವರು.

ಗೆದ್ದವರ ಕಡೆ ಬರೋಣ. ಪುಕ್ಕಟೆ ಅಂದೆನಲ್ಲ. ಆಂಡ್ರಾಯ್ಡ್‌ನಲ್ಲಿ ಎರಡು ಭಾಗ. ಒಂದು ಓಪನ್ ಸೋರ್ಸ್ ಭಾಗ, ಅದನ್ನ ನೀವು ಹಾಸ್ಟೆಲ್ ರೂಮಲ್ಲಿ ಕೂತು ಇಳಿಸಿಕೊಂಡು ಏನು ಬೇಕಾದರೂ ಮಾಡಬಹುದು. ಇನ್ನೊಂದು ಪ್ಲೇ ಸ್ಟೋರ್, ಮ್ಯಾಪ್ಸ್, ಯೂಟ್ಯೂಬ್ ಇತ್ಯಾದಿ. ಅದಕ್ಕೆ ಒಪ್ಪಂದ ಬೇಕು. ಪ್ಲೇ ಸ್ಟೋರ್ ಬೇಕಾದರೆ ಹತ್ತಕ್ಕೂ ಜಾಸ್ತಿ ಗೂಗಲ್ ಆಪ್‌ಗಳನ್ನು ಮೊದಲೇ ತುಂಬಿಸಬೇಕಿತ್ತು, ಮೊದಲ ಪರದೆಯಲ್ಲಿ ಗೂಗಲ್ ಹುಡುಕಾಟದ ಪಟ್ಟಿ ಇಡಬೇಕಿತ್ತು. ಎಲ್ಲಕ್ಕಿಂತ ಗಟ್ಟಿ ಷರತ್ತು ಅಂದರೆ, ಆಂಡ್ರಾಯ್ಡ್‌ನ ತಿರುಚಿ ಮಾಡಿದ ಬೇರೆ ಓಎಸ್ ಇರುವ ಫೋನನ್ನು ನಿಮ್ಮ ಕಂಪನಿ ಮಾರುವ ಹಾಗೇ ಇರಲಿಲ್ಲ, ಒಂದು ಮಾಡೆಲ್ಲೂ ಕೂಡ. 2012ರ ಸೆಪ್ಟೆಂಬರಿನಲ್ಲಿ ಏಸರ್ ಕಂಪನಿ ಅಲಿಬಾಬಾದ ಅಲಿಯುನ್ ಓಎಸ್ ಹಾಕಿ ಒಂದು ಫೋನು ಮಾಡಿತ್ತು. ಶಾಂಘೈನಲ್ಲಿ ಬಿಡುಗಡೆ ಕಾರ್ಯಕ್ರಮ ಇಟ್ಟಿದ್ದರು. ಅವತ್ತೇ ಎಲ್ಲಾ ರದ್ದು. ಗೂಗಲ್ ಕಣ್ಣು ಕೆಂಪಗೆ ಮಾಡಿತ್ತು.

2018ರಲ್ಲಿ ಯುರೋಪಿಯನ್ ಕಮಿಷನ್ ಇದಕ್ಕೇ 434 ಕೋಟಿ ಯೂರೋ ದಂಡ ಹಾಕಿತು. ನಮ್ಮ ಕಾಂಪಿಟಿಷನ್ ಕಮಿಷನ್ 2022ರ ಅಕ್ಟೋಬರ್‌ನಲ್ಲಿ 1,337.76 ಕೋಟಿ ರೂಪಾಯಿ ಹಾಕಿತು. ಮೇಲ್ಮನವಿಯಲ್ಲಿ ಕೆಲವು ನಿರ್ದೇಶನಗಳು ಬಿದ್ದುಹೋದರೂ ದಂಡ ಉಳಿಯಿತು. ದಂಡಕ್ಕಿಂತ ನನಗೆ ಮುಖ್ಯ ಅನಿಸಿದ್ದು 2023ರ ಜನವರಿಯ ಬದಲಾವಣೆ. ಭಾರತದಲ್ಲಿ ಫೋನ್ ಮಾಡುವವರು ಗೂಗಲ್ ಆಪ್‌ಗಳನ್ನು ಕಟ್ಟಾಗಿ ಅಲ್ಲದೆ ಬಿಡಿಬಿಡಿಯಾಗಿಯೂ ತಗೋಬಹುದು ಅಂತ ಗೂಗಲ್ ಒಪ್ಪಿಕೊಂಡಿತು. ಒಪ್ಪಿದ್ದು ಸರಿ. ನಿಮ್ಮ ಫೋನ್ ತೆಗೆದು ನೋಡಿ, ಏನಾದರೂ ಬದಲಾದ ಹಾಗೆ ಕಾಣುತ್ತಾ?

ಆಪಲ್ ಮತ್ತು ಗೂಗಲ್ ಕಡುವೈರಿಗಳು ಅಂತ ಎಲ್ಲರೂ ಹೇಳ್ತಾರೆ. ವಾಷಿಂಗ್ಟನ್ನಿನ ಕೋರ್ಟಿನಲ್ಲಿ ನ್ಯಾಯಾಧೀಶ ಅಮಿತ್ ಮೆಹ್ತಾ ಮುಂದೆ ಗೂಗಲ್ ವಿರುದ್ಧ ನಡೆದ ಕೇಸಿನಲ್ಲಿ ಒಂದು ಅಂಕಿ ಹೊರಬಂತು. ಐಫೋನಿನ ಸಫಾರಿ ಬ್ರೌಸರ್‌ನಲ್ಲಿ ಮೊದಲ ಆಯ್ಕೆಯಾಗಿ ಗೂಗಲ್ ಹುಡುಕಾಟವೇ ಇರಲಿ ಅಂತ 2022ರಲ್ಲಿ ಗೂಗಲ್ ಆಪಲ್‌ಗೆ ಕೊಟ್ಟಿದ್ದು 2,000 ಕೋಟಿ ಡಾಲರ್. ಹತ್ತಿರ ಹತ್ತಿರ 1.6 ಲಕ್ಷ ಕೋಟಿ ರೂಪಾಯಿ, ಆ ವರ್ಷದ ಕರ್ನಾಟಕದ ಬಜೆಟ್ಟಿನ ಅರ್ಧಕ್ಕಿಂತ ಜಾಸ್ತಿ. ಇಷ್ಟು ಕೊಡು ಕೊಳ್ಳುವಿಕೆ ಇರುವವರನ್ನ ವೈರಿಗಳು ಅಂತ ಕರೆಯೋದು ಹೇಗೆ ಅಂತ ನನಗಂತೂ ಅರ್ಥ ಆಗಿಲ್ಲ. 2024ರ ಆಗಸ್ಟ್‌ನಲ್ಲಿ ಮೆಹ್ತಾ ಅವರು ಗೂಗಲ್ ಕಾನೂನು ಮೀರಿ ಏಕಸ್ವಾಮ್ಯ ಕಾಪಾಡಿಕೊಂಡಿದೆ ಅಂತ ತೀರ್ಪು ಕೊಟ್ಟರು. ಮುಂದಿನ ವರ್ಷ ಪರಿಹಾರ ಹೇಳುವಾಗ, ನಾನೊಬ್ಬನೇ ಇರಬೇಕು ಅನ್ನುವ ಒಪ್ಪಂದ ಮಾಡಬೇಡಿ, ದುಡ್ಡು ಬೇಕಾದರೆ ಕೊಡಿ ಅಂದರು.

ಇದೆಲ್ಲಾ ಅಮೆರಿಕದವರ ಜಗಳ, ನಮಗೇನು ಅಂತ ಕೇಳಬಹುದು. ಕನ್ನಡದ ವಿಷಯ ಒಂದು ಹೇಳ್ತೀನಿ. ಮೊದಮೊದಲ ಆಂಡ್ರಾಯ್ಡ್‌ಗಳಲ್ಲಿ ಕನ್ನಡ ಪುಟ ತೆಗೆದರೆ ಬರೀ ಖಾಲಿ ಡಬ್ಬಿಗಳು. ಆಗ ಒಂದು ಉಪಾಯ ಊರೆಲ್ಲಾ ಓಡಾಡಿತ್ತು. ಒಪೆರಾ ಮಿನಿ ಹಾಕಿಕೊಳ್ಳಿ, ವಿಳಾಸದ ಪಟ್ಟಿಯಲ್ಲಿ ಒಪೆರಾ ಅಂತ ಬರೆದು ಎರಡು ಚುಕ್ಕಿ ಇಟ್ಟು ಕಾನ್ಫಿಗ್ ಅಂತ ಬರೆಯಿರಿ, ಬರುವ ಪಟ್ಟಿಯ ಕೆಳಗಡೆ ಬಿಟ್‌ಮ್ಯಾಪ್ ಫಾಂಟ್ ಬಳಸಬೇಕೇ ಅಂತ ಕೇಳುತ್ತೆ, ಎಸ್ ಕೊಟ್ಟು ಸೇವ್ ಮಾಡಿ. ಅಷ್ಟು ಮಾಡಿದರೆ ಅವರ ಸರ್ವರ್ ಕನ್ನಡ ಅಕ್ಷರಗಳನ್ನು ಚಿತ್ರ ಮಾಡಿ ಕಳಿಸುತ್ತಿತ್ತು. ಸ್ವಲ್ಪ ಮಸುಕು, ನಿಧಾನ, ಆದರೆ ಓದಬಹುದಿತ್ತು. ಎಷ್ಟೋ ಜನ ಫೋನಿನಲ್ಲಿ ಮೊದಲು ಕನ್ನಡ ಓದಿದ್ದೇ ಹೀಗೆ. ಬರೆಯೋದಕ್ಕೆ ಬಂದರೆ, ಹೊರಗಿನವರು ಮಾಡಿದ ಕೀಬೋರ್ಡ್‌ಗೆ ಆಂಡ್ರಾಯ್ಡ್ 2009ರಲ್ಲೇ ಜಾಗ ಕೊಟ್ಟಿತ್ತು. ಹಾಗಾಗಿ ಗೂಗಲ್ ತಾನೇ ಕೊಡಲಿ ಅಂತ ಕಾಯದೆ ನಮ್ಮವರೇ ಕನ್ನಡ ಕೀಬೋರ್ಡ್ ಬರೆದು ಹಾಕಿದರು. ಐಫೋನಿನಲ್ಲಿ ಹೊರಗಿನ ಕೀಬೋರ್ಡ್‌ಗೆ ಅವಕಾಶ ಸಿಕ್ಕಿದ್ದು 2014ರಲ್ಲಿ, ಐಓಎಸ್ 8ರ ಜೊತೆ. ಐದು ವರ್ಷದ ಅಂತರ. ಗೂಗಲ್ ಬಗ್ಗೆ ಇಷ್ಟೊತ್ತು ಬೈದವನು ಇದನ್ನೂ ಹೇಳಬೇಕಲ್ಲ.

ಮತ್ತೆ 2024ರ ಮಾರ್ಚ್ 1 ನೆನಪಿರಬೇಕು ನಿಮಗೆ. ಆಪ್ ಒಳಗಿನ ವ್ಯವಹಾರಕ್ಕೆ ಕಮಿಷನ್ ಕೊಟ್ಟಿಲ್ಲ ಅಂತ ಭಾರತ್ ಮ್ಯಾಟ್ರಿಮೊನಿ, ನೌಕ್ರಿ ಮುಂತಾದ ಕಂಪನಿಗಳ ಆಪ್‌ಗಳನ್ನು ಪ್ಲೇ ಸ್ಟೋರ್‌ನಿಂದ ತೆಗೆದುಹಾಕಿದರು. ಕೇಂದ್ರದ ಮಂತ್ರಿ ಮಾತಾಡಿದ ಮೇಲೆ ಕೆಲವೇ ದಿನದಲ್ಲಿ ವಾಪಸ್ ಬಂದವು. ಅದಕ್ಕೆ ಸ್ವಲ್ಪ ಮುಂಚೆ, ಫೆಬ್ರವರಿಯಲ್ಲಿ, ಬೆಂಗಳೂರಿನ ಫೋನ್‌ಪೇ ಇಂಡಸ್ ಆಪ್‌ಸ್ಟೋರ್ ಶುರು ಮಾಡಿತ್ತು. ಕನ್ನಡ ಸೇರಿ 12 ಭಾರತೀಯ ಭಾಷೆಗಳಲ್ಲಿ ಬಳಸಬಹುದು. ಆದರೆ ಪ್ಲೇ ಸ್ಟೋರ್ ಒಳಗೆ ಇನ್ನೊಂದು ಸ್ಟೋರ್ ಇಡಲು ಬಿಡಲ್ಲ. ಹೊರಗಿನಿಂದ ಇಳಿಸಿಕೊಳ್ಳಲು ಹೋದರೆ ಫೋನು ಎಚ್ಚರಿಕೆ ಕೊಡುತ್ತೆ, ಸೆಟ್ಟಿಂಗ್ಸ್‌ಗೆ ಹೋಗಿ ಅನುಮತಿ ಕೊಡಿ ಅನ್ನುತ್ತೆ. ಮೊದಲೇ ವಂಚನೆ ಕರೆಗಳಿಗೆ ಹೆದರಿರುವ ನಮ್ಮಮ್ಮನಂಥವರು ಆ ಎಚ್ಚರಿಕೆ ನೋಡಿದ ತಕ್ಷಣ ಫೋನ್ ಕೆಳಗಿಡ್ತಾರೆ. ಹಾಗಾಗಿ ಉಳಿದ ದಾರಿ ಫೋನ್ ಕಂಪನಿಗಳ ಜೊತೆ ಮಾತಾಡಿ ಕಾರ್ಖಾನೆಯಲ್ಲೇ ತುಂಬಿಸೋದು. ಅವರು ಆ ದಾರಿಯನ್ನೇ ಹಿಡಿದಿದ್ದಾರೆ.

ಪ್ರಶ್ನೆಗಳ ಹೊತ್ತಿನಲ್ಲಿ ಒಬ್ಬ ಹುಡುಗಿ ಕೇಳಿದಳು: ಸಾರ್, ಮೂರನೇ ಓಎಸ್ ಭಾರತದಲ್ಲಿ ಯಾವತ್ತೂ ಓಡಲೇ ಇಲ್ಲವಾ? ಓಡಿದೆ. 2014ರಲ್ಲಿ ಫೈರ್‌ಫಾಕ್ಸ್ ಓಎಸ್ ಇದ್ದ ಇಂಟೆಕ್ಸ್ ಫೋನು 1,999 ರೂಪಾಯಿಗೆ ಬಂತು. 128 ಎಂಬಿ ರ‍್ಯಾಮ್, 3ಜಿ ಇಲ್ಲ. ಬಡವನಿಗೆ ಇಷ್ಟು ಸಾಕು ಅನ್ನೋ ಲೆಕ್ಕ, ಬಡವ ಒಪ್ಪಲಿಲ್ಲ. ಫೈರ್‌ಫಾಕ್ಸ್ ಕೈಬಿಟ್ಟ ಅದೇ ಓಎಸ್‌ನ ಕೋಡ್ ಎತ್ತಿಕೊಂಡು ಕಾಯ್‌ಓಎಸ್ ಹುಟ್ಟಿತು. 2017ರಲ್ಲಿ ಅದು 1,500 ರೂಪಾಯಿ ಠೇವಣಿಯ ಜಿಯೋಫೋನ್ ಒಳಗೆ 4ಜಿ ಸಮೇತ ಕೂತಿತು, ಕೋಟಿಗಟ್ಟಲೆ ಜನರ ಕೈಗೆ ಹೋಯಿತು. ಒಂದು ವರ್ಷ ಎಲ್ಲರೂ ಕೇಳಿದ್ದು ಒಂದೇ, ಇದರಲ್ಲಿ ವಾಟ್ಸಾಪ್ ಬರುತ್ತಾ? 2018ರ ಸೆಪ್ಟೆಂಬರಿನಲ್ಲಿ ಬಂತು. ಗೂಗಲ್ ಸುಮ್ನೆ ನೋಡುತ್ತಾ ಕೂರಲಿಲ್ಲ, ಅದೇ ವರ್ಷ ಕಾಯ್‌ಓಎಸ್‌ಗೆ 2.2 ಕೋಟಿ ಡಾಲರ್ ಹಾಕಿತು.

ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು, ನಮ್ಮದೇ ದೇಶಿ ಓಎಸ್ ಯಾಕೆ ಆಗಬಾರದು ಅಂತ ಸ್ವಲ್ಪ ಜೋರಾಗೇ ಕೇಳಿದ. ಪ್ರಯತ್ನ ಇದೆ, 2023ರಲ್ಲಿ ಐಐಟಿ ಮದ್ರಾಸಿನ ಕಡೆಯಿಂದ ಭಾರೋಸ್ ಬಂತು. ಓಎಸ್ ಬರೆಯೋದು ಕಷ್ಟ ಅಲ್ಲ ಅಂತಲ್ಲ, ಆದರೆ ಓಪನ್ ಸೋರ್ಸ್ ಆಂಡ್ರಾಯ್ಡ್ ಇರೋದರಿಂದ ಅದು ಆಗುವಂಥ ಕೆಲಸ. ಚೀನಾದ ಹುವಾವೇ ಕಂಪನಿ ನೋಡಿ. 2019ರ ಮೇನಲ್ಲಿ ಅಮೆರಿಕ ನಿರ್ಬಂಧ ಹಾಕಿದ ಮೇಲೆ ಗೂಗಲ್ ಆಪ್‌ಗಳು ನಿಂತುಹೋದವು. ಪ್ಲೇ ಸ್ಟೋರ್ ಇಲ್ಲದ ಮೇಟ್ 30 ಒಳ್ಳೆ ಫೋನೇ, ಯುರೋಪಿನಲ್ಲಿ ಕೇಳುವವರಿಲ್ಲ. ಚೀನಾದಲ್ಲಿ ಮಾತ್ರ ಬದುಕಿತು, ಯಾಕಂದರೆ ಅಲ್ಲಿ ಪ್ಲೇ ಸ್ಟೋರ್ ಮೊದಲೇ ಇರಲಿಲ್ಲ, ಯಾರಿಗೂ ಏನೂ ಕಳೆದುಹೋಗಲಿಲ್ಲ. ಈಗ ಅವರ ಹಾರ್ಮನಿ ಓಎಸ್ ನೆಕ್ಸ್ಟ್‌ನಲ್ಲಿ ಆಂಡ್ರಾಯ್ಡ್ ಆಪ್‌ಗಳು ನೇರವಾಗಿ ಓಡೋದೇ ಇಲ್ಲ. ಭಾರತದ ಸ್ಥಿತಿ ಹಾಗಲ್ಲ. ಇಲ್ಲಿ ನೂರಕ್ಕೆ ಸುಮಾರು 95 ಸ್ಮಾರ್ಟ್‌ಫೋನು ಆಂಡ್ರಾಯ್ಡ್. ಗೂಗಲ್‌ನ ಪ್ರಮಾಣಪತ್ರ ಇಲ್ಲದ ಫೋನಿನಲ್ಲಿ ಎಷ್ಟೋ ಬ್ಯಾಂಕಿನ ಆಪ್‌ಗಳು ತೆರೆಯೋದೇ ಇಲ್ಲ, ಭದ್ರತೆ ಪರೀಕ್ಷೆಯಲ್ಲಿ ಫೇಲ್ ಅಂತ ಹೇಳಿ ಮುಚ್ಚಿಕೊಳ್ಳುತ್ತವೆ. ದೇಶಿ ಓಎಸ್ ಮಾಡುವ ಆಸೆ ನಿನಗಿದ್ದರೆ ಕರ್ನಲ್, ಅಂದರೆ ಓಎಸ್‌ನ ಒಳತಿರುಳು, ಆಮೇಲೆ ನೋಡಿಕೋ, ಮೊದಲು ಹೋಗಿ ಬ್ಯಾಂಕಿನವರ ಜೊತೆ ಮಾತಾಡು ಅಂದೆ. ಅವನು ಕೂರಲಿಲ್ಲ, ಯುಪಿಐ ಆಪ್‌ಗಳಿಗೂ ಅದೇ ಪರೀಕ್ಷೆ ಇದೆಯಾ ಅಂತ ಕೇಳಿದ. ಆಪ್ ಮಾಡುವವರು ಇಟ್ಟುಕೊಂಡರೆ ಇದೆ, ಅದನ್ನ ಇಡಲೇಬೇಕು ಅಂತ ಗೂಗಲ್ ಬಲವಂತ ಮಾಡಲ್ಲ, ನಮ್ಮ ಬ್ಯಾಂಕುಗಳೇ ಸುರಕ್ಷಿತ ಅಂತ ಇಟ್ಟುಕೊಳ್ಳುತ್ತವೆ ಅಂದೆ. ಅಷ್ಟರಲ್ಲಿ ಊಟಕ್ಕೆ ಕರೆದರು.